ಡಾಕ್ಟರಿಗೆ ಮೂವತ್ತೊಂದು ಹೊಗಳಿಕೆ

ನನ್ನ ಡೈರಿಯ ಸೆಪ್ಟೆಂಬರ್ ಏಳರ ಪುಟದಲ್ಲಿ ಮೂರು ಖಾನೆಗಳಿವೆ. ಮೊದಲನೆಯದು ತಾರೀಕು, ಎರಡನೆಯದು ‘ಹೊಗಳಿದ್ದು’, ಮೂರನೆಯದು ‘ತಪ್ಪಿದ್ದು’. ಅಂದು ಭಾನುವಾರ, ಇಲ್ಲಿ ಗಲ್ಫಿನಲ್ಲಿ ವಾರದ ಮೊದಲ ಕೆಲಸದ ದಿನ. ಶುಐಬಾದ ನಮ್ಮ ನೀರಿನ ಲ್ಯಾಬಿಗೆ ಹೊಸ ಯಂತ್ರ ಬಂದು ಹತ್ತು ದಿನವಾಗಿತ್ತು. ನೀರಿನ ಗಡಸುತನವನ್ನು ಅದು ತಾನೇ ಅಳೆದು ಅಂಕಿ ತೋರಿಸುತ್ತದೆ. ಅಲ್ಲಿಯವರೆಗೆ ಆ ಕೆಲಸವನ್ನು ಬ್ಯೂರೆಟ್ ಎಂಬ ನಲ್ಲಿಯಿರುವ ಗಾಜಿನ ಕೊಳವೆಯಿಂದ ಹನಿಹನಿಯಾಗಿ ದ್ರಾವಣ ಬಿಟ್ಟು, ಕೆಂಪು ನೀರು ನೀಲಿಗೆ ತಿರುಗುವುದನ್ನು ಕಣ್ಣಿನಿಂದ ನೋಡಿ ಮಾಡುತ್ತಿದ್ದೆವು.

ಯಂತ್ರದ ತರಬೇತಿಗೆ ಕಂಪನಿ ಕಳಿಸಿದ್ದು ನನ್ನನ್ನು. ನನಗಾಗ ಇಪ್ಪತ್ತಾರು ವರ್ಷ, ಲ್ಯಾಬಿನಲ್ಲಿ ಎಲ್ಲರಿಗಿಂತ ಚಿಕ್ಕವಳು. ಇನ್ನು ಉಳಿದ ನಾಲ್ವರಿಗೆ ನಾನು ಕಲಿಸಬೇಕಿತ್ತು. ಅವರಲ್ಲಿ ಮೂವರು ಎಂ.ಎಸ್ಸಿ. ಮಾಡಿದವರು. ನಾಲ್ಕನೆಯವರು ಧಾರವಾಡದ ಕಡೆಯವರು, ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ., ವಯಸ್ಸು ಐವತ್ನಾಲ್ಕು. ಅವರನ್ನು ಎಲ್ಲರೂ ಡಾಕ್ಟರ್ ಎಂದೇ ಕರೆಯುತ್ತಿದ್ದರು.

ಅಕ್ಟೋಬರ್ ಇಪ್ಪತ್ತಾರಕ್ಕೆ ಹೊರಗಿನವರು ಬಂದು ಆಡಿಟ್ ಮಾಡುವುದಿತ್ತು. ಅಷ್ಟರೊಳಗೆ ಹೊಸ ಯಂತ್ರದಲ್ಲಿ ಸತತ ಐದು ಮಾದರಿಗಳನ್ನು ಸರಿಯಾಗಿ ಅಳೆದು, ತರಬೇತಿ ಹಾಳೆಯಲ್ಲಿ ನನ್ನ ಸಹಿ ಪಡೆದವರು ಮಾತ್ರ ವರದಿಗಳಿಗೆ ಸಹಿ ಮಾಡಬಹುದು. ಆ ಪಟ್ಟಿಯಲ್ಲಿ ಇಲ್ಲದ ಹಿರಿಯ ಕೆಮಿಸ್ಟನನ್ನು ಕಂಪನಿ ಇಟ್ಟುಕೊಳ್ಳುವುದಿಲ್ಲ. ಡಾಕ್ಟರ ಇಕಾಮಾ, ಅಂದರೆ ಇಲ್ಲಿ ಇರಲು ಸಿಗುವ ಪರವಾನಗಿ, ನವೆಂಬರ್ ಕೊನೆಗೆ ಮುಗಿಯುತ್ತಿತ್ತು. ಅವರ ಮಗಳು ಇಲ್ಲಿಯೇ ಹತ್ತನೇ ತರಗತಿ. ಬೋರ್ಡ್ ಪರೀಕ್ಷೆಗೆ ಹೆಸರೂ ನೋಂದಣಿಯಾಗಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಅವರೂ ನಾನೂ ಹವಲ್ಲಿಯಿಂದ ಒಂದೇ ಕಂಪನಿ ಬಸ್ಸಿನಲ್ಲಿ ಬರುವವರು.

ನಮ್ಮ ಮ್ಯಾನೇಜರ್ ಮಂಗಳೂರಿನವರು. ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ. ಅಂದು ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು.

“ನೋಡು, ಇವರೆಲ್ಲ ಕಲಿತವರು. ನೀನು ಟೀಚರ್ ಹಾಗೆ ನಿಂತ್ರೆ ಖಲಾಸ್, ಒಬ್ಬನೂ ಕಲಿಯುದಿಲ್ಲ. ಹೊಗಳ್ಬೇಕು. ಮನಸ್ಸಿಂದ ಹೊಗಳ್ಬೇಕು. ಸುಮ್ಮನೆ ಗುಡ್ ಗುಡ್ ಅಂತ ಅಲ್ಲ, ಎಂತ ಮಾಡಿದ್ದಾರೆ ಅಂತ ನೋಡಿ ಹೇಳ್ಬೇಕು.”

“ತಪ್ಪು ಮಾಡಿದ್ರೆ ಸರ್?”

“ಮೂರು ಸಲ ಹೊಗಳು, ಆಮೇಲೆ ಒಂದು ಸಲ ಮೆಲ್ಲ ಹೇಳು. ಎಂತ ಬರ್ಕೊಳ್ತಿದ್ದೀಯ ಮಾರಾಯ್ತಿ?”

“ಮೂರಕ್ಕೆ ಒಂದು ಅಂತ, ಸರ್.”

ಅವರು ಹಣೆ ಒತ್ತಿಕೊಂಡು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಎಂ.ಎಸ್ಸಿ. ಮಾಡಿದ ಮೂವರ ವಿಷಯದಲ್ಲಿ ಲೆಕ್ಕ ಹೆಚ್ಚುಕಡಿಮೆ ಹೊಂದಿತು. ಹೊಗಳಿಕೆಯ ಗೆರೆಗಳು ಹೆಚ್ಚಾದಂತೆ ತಪ್ಪಿನ ಗೆರೆಗಳು ಇಳಿದವು. ಮೂರನೇ ವಾರಕ್ಕೆ ಮೂವರ ಹಾಳೆಗೂ ಸಹಿ ಹಾಕಿದೆ. ಡಾಕ್ಟರದ್ದು ಮಾತ್ರ ತಿರುಗುಮುರುಗಾಯಿತು. ವಾರಕ್ಕೆ ಹತ್ತು ಅಭ್ಯಾಸದ ಮಾದರಿ. ಮೊದಲ ವಾರ ಐದು ಸಲ ಹೊಗಳಿದೆ, ಮೂರು ಮಾದರಿ ತಪ್ಪಿದವು. ಎರಡನೇ ವಾರ ಎಂಟು ಸಲ, ತಪ್ಪು ನಾಲ್ಕು. ಹೊಗಳಿಕೆ ಸಾಲದೇನೋ ಎಂದುಕೊಂಡು ಮೂರನೇ ವಾರ ಹನ್ನೊಂದಕ್ಕೆ ಏರಿಸಿದೆ. ತಪ್ಪು ಏಳು.

ಕಾರಣ ನನಗೆ ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸೆಪ್ಟೆಂಬರ್ ಒಂಬತ್ತರ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಹೀಗೆ ಬರೆದುಕೊಂಡಿದ್ದೆ: ‘ಯಂತ್ರ ತಾನಾಗಿ ನಿಲ್ಲುವ ಮೊದಲೇ ಸ್ಟಾಪ್ ಒತ್ತುತ್ತಾರೆ.’ ಇದನ್ನು ಅವರಿಗೆ ಹೇಳಬೇಕೆಂದು ದಿನವೂ ಹೋಗುತ್ತಿದ್ದೆ. ಅದಕ್ಕೆ ಮೊದಲು ಮೂರು ಹೊಗಳಿಕೆ ಬೇಕಲ್ಲ. ಹೊಗಳಲು ಏನಾದರೂ ಸಿಗುತ್ತದೆಯೇ ಎಂದು ಅವರ ಹಿಂದೆ ನಿಂತು ನೋಡುತ್ತಿದ್ದೆ. ಲೇಬಲ್ಲಿನ ಅಕ್ಷರ ಚೆನ್ನಾಗಿದೆ ಎಂದೆ. ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದೀರಿ ಎಂದೆ. ಮೂರು ಸೇರಲು ಎರಡು ಮೂರು ದಿನ ಹಿಡಿಯುತ್ತಿತ್ತು, ಆಗಲೂ ಅವರ ಮುಖ ನೋಡಿ ನಾಲ್ಕನೆಯ ಮಾತು ಬಿಟ್ಟು ನನ್ನ ಮೇಜಿಗೆ ಮರಳುತ್ತಿದ್ದೆ.

ಒಂದು ದಿನ ಅವರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ತಂಗೀ, ಮೂವತ್ತು ವರ್ಷ ಆತು ನಾ ಈ ಕೆಲಸ ಮಾಡಾಕತ್ತು. ಅಕ್ಷರ ಛಂದ ಅದಾವು ಅಂತ ಹೇಳಿಸ್ಕೊಳ್ಳಾಕ ನಾ ಏನ್ ಎರಡನೇ ಕ್ಲಾಸಿನ ಹುಡುಗ?”

“ಅಲ್ಲ ಸರ್, ನಿಜವಾಗಿ ಚೆಂದ ಉಂಟು.”

“ಉಂಟು, ಉಂಟು. ನಡಿ, ಕೆಲಸ ನೋಡು.”

ಅದನ್ನು ಯಾವ ಖಾನೆಗೆ ಹಾಕಬೇಕೆಂದು ತಿಳಿಯದೆ ಹೊಗಳಿಕೆಯಲ್ಲೇ ಗೆರೆ ಎಳೆದೆ. ಹೇಳಿದ್ದು ಹೇಳಿದ್ದೇ.

ನಾಲ್ಕನೇ ವಾರ ಸಣ್ಣ ಮಾತುಗಳು ಸಾಲುತ್ತಿಲ್ಲ, ದೊಡ್ಡದೇ ಏನಾದರೂ ಬೇಕು ಎನಿಸಿತು. ತಿಂಗಳ ಉತ್ತಮ ನೌಕರ ಎಂಬ ಪ್ರಶಸ್ತಿಗೆ ಡಾಕ್ಟರ ಹೆಸರು ಕೊಟ್ಟೆ. ಹಳೆಯ ಮಾದರಿಗಳ ದಾಖಲೆಯನ್ನು ಅವರಷ್ಟು ಚೆನ್ನಾಗಿ ಇಟ್ಟವರು ಯಾರೂ ಇಲ್ಲ, ಅದು ನಿಜವೇ. ಮ್ಯಾನೇಜರಿಗೆ ಬಹಳ ಹಿಡಿಸಿತು. ಅಕ್ಟೋಬರ್ ಎರಡು, ಗುರುವಾರ ಮಧ್ಯಾಹ್ನ ಊಟದ ಕೋಣೆಯಲ್ಲಿ ಕೇಕ್ ತರಿಸಿದರು. ಚೌಕಟ್ಟು ಹಾಕಿದ ಸರ್ಟಿಫಿಕೇಟ್ ಕೊಟ್ಟರು, ಎಲ್ಲರೂ ಚಪ್ಪಾಳೆ ತಟ್ಟಿದರು. ಡಾಕ್ಟರ್ ಕೇಕನ್ನು ಒಂದು ಚೂರು ತಿಂದು, ತಟ್ಟೆಯನ್ನು ಹಿಡಿದುಕೊಂಡೇ ಗೋಡೆಗೆ ಒರಗಿ ನಿಂತರು. ಮುಖ ಬಿಳಿಚಿಕೊಂಡಿತ್ತು. ಸಂತೋಷಕ್ಕೆ ಹಾಗಾಗಿದೆ ಎಂದುಕೊಂಡೆ. ಆ ವಾರದ ಲೆಕ್ಕ ಸರ್ಟಿಫಿಕೇಟೂ ಸೇರಿ ಏಳು, ಒಟ್ಟು ಮೂವತ್ತೊಂದು.

ಭಾನುವಾರ ಬಂದು ನೋಡಿದರೆ ಅವರ ಮೇಜಿನ ಮೇಲೆ ಚಹಾದ ಲೋಟ ಇರಲಿಲ್ಲ. ಮರುದಿನ ಮಗಳ ಫೋಟೋ ಇರಲಿಲ್ಲ. ಬುಧವಾರ ಅವರ ಲಾಕರಿನ ಬಾಗಿಲು ತೆರೆದೇ ಇತ್ತು, ಒಳಗೆ ಏನೂ ಇರಲಿಲ್ಲ. ಬಸ್ಸಿನಲ್ಲಿ ಯಾವಾಗಲೂ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರುವವರು ಕೊನೆಗೆ ಹೋಗಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಆ ವಾರ ನಾನು ಒಮ್ಮೆಯೂ ಹೊಗಳಲಿಲ್ಲ. ಹತ್ತಿರ ಹೋಗಲು ಅವಕಾಶವೇ ಸಿಗಲಿಲ್ಲ. ತಪ್ಪು ಎಂಟು. ಡೈರಿಯಲ್ಲಿ ಆ ಪುಟದ ಕೆಳಗೆ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇದೆ.

ಗುರುವಾರ ಸಂಜೆ ಅವರ ಹೆಂಡತಿಯ ಫೋನು ಬಂತು.

“ತಂಗಿ, ನಾ ಡಾಕ್ಟರ್ ಮನಿಯಾಕಿ ಮಾತಾಡಾಕತ್ತೀನಿ. ನಂಗ ಖರೇ ಹೇಳು. ಯಾವಾಗ ಬಿಡ್ರಿ ಅಂತ ಹೇಳ್ಯಾರು?”

“ಏನನ್ನು ಬಿಡುವುದು ಅಕ್ಕ?”

“ಕೆಲಸಾ! ಇವರು ಬಾಯಿ ಬಿಡವಲ್ರು. ಶನಿವಾರ ಕಾರ್ಗೋದವ್ರು ಬರ್ತಾರ. ಹುಡುಗಿ ಪರೀಕ್ಷಾ ಏನ್ ಮಾಡೂದು?”

ಶುಕ್ರವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ನನ್ನ ರೂಮಿನಿಂದ ಎರಡು ಬೀದಿ ಆಚೆ, ಮೊಬೈಲ್ ಅಂಗಡಿಗಳ ಮೇಲಿನ ಮೂರನೇ ಮಹಡಿ. ಹಾಲಿನ ತುಂಬ ರಟ್ಟಿನ ಪೆಟ್ಟಿಗೆಗಳು. ಒಂದಕ್ಕೆ ಆಗಲೇ ಹಗ್ಗ ಬಿಗಿದು ಊರಿನ ವಿಳಾಸ ಬರೆದಾಗಿತ್ತು, ಅದೇ ಚೆಂದದ ಅಕ್ಷರದಲ್ಲಿ. ಮಗಳು ಒಳಕೋಣೆಯಿಂದ ಇಣುಕಿ ನೋಡಿ ಬಾಗಿಲು ಹಾಕಿಕೊಂಡಳು.

“ನಿಮ್ಮನ್ನು ತೆಗೆಯುತ್ತಾರೆ ಅಂತ ಯಾರು ಹೇಳಿದ್ದು ಸರ್?” ಎಂದು ಕೇಳಿದೆ.

“ಕೇಕ್ ತಿನಿಸಿದ ಮ್ಯಾಲ ಇನ್ನೇನ್ ಹೇಳೂದು ಉಳೀತು?” ಎಂದರು ಡಾಕ್ಟರ್. ಆಮೇಲೆ ವಿವರಿಸಿದರು. ಇದಕ್ಕೆ ಮೊದಲು ಅವರು ಹದಿನಾಲ್ಕು ವರ್ಷ ದುಡಿದ ಕಂಪನಿಯಲ್ಲಿ ಯಾರನ್ನೂ ಬೈದು ಕಳಿಸುತ್ತಿರಲಿಲ್ಲವಂತೆ. ಗುರುವಾರ ಕೇಕ್, ಫಲಕ, ಫೋಟೋ. ಭಾನುವಾರ ಕೆಲಸದಿಂದ ತೆಗೆದ ಪತ್ರದ ಕವರು. ಅವರಿಗೂ ಹಾಗೆಯೇ ಆಗಿತ್ತು. “ಅದೂ ಅಲ್ದ ನೀ ದಿನಾ ಬಂದು ಲೇಬಲ್ ಛಂದ, ಬಾಟ್ಲಿ ಛಂದ ಅಂತೀ. ಸಾಯೂ ಪೇಷಂಟಿನ ಮುಂದ ನಿಂತು, ಇವತ್ತು ಮಾರಿಮ್ಯಾಲ ಭಾಳ ಕಳಿ ಐತಲ್ಲ ಅಂದಂಗ! ಹಿಂದ ಬಂದು ನಿಂತಿ ಅಂದ್ರ ಲಗೂ ಮುಗಿಸಿ ಏಳೂಣು ಅನಸ್ತೈತಿ.”

“ಆ ಪ್ರಶಸ್ತಿಗೆ ನಿಮ್ಮ ಹೆಸರು ಕೊಟ್ಟದ್ದು ನಾನು ಸರ್, ಕಳಿಸ್ಲಿಕ್ಕೆ ಅಲ್ಲ” ಎಂದೆ. ಕ್ಷಮೆ ಕೇಳಲೇ? ಇಲ್ಲ, ನೀವು ನಿಜವಾಗಿ ಒಳ್ಳೆಯವರು ಎಂದು ಮತ್ತೆ ಹೊಗಳಲೇ? ಎರಡೂ ತಪ್ಪೆನಿಸಿತು. ಬ್ಯಾಗಿನಿಂದ ಡೈರಿ ತೆಗೆದು ಸೆಪ್ಟೆಂಬರ್ ಒಂಬತ್ತರ ಪುಟ ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಅಂಚಿನಲ್ಲಿದ್ದ ಸಾಲನ್ನು ಓದಿದರು. ಇನ್ನೊಮ್ಮೆ ಓದಿದರು.

“ತಿಂಗಳ ಮ್ಯಾಲ ಆತು. ಗೊತ್ತಿದ್ದೂ ಹೇಳಲಿಲ್ಲ?”

“ನಿಮಗೆ ಬೇಜಾರಾಗ್ತದೆ ಅಂತ ಸರ್.”

“ಬ್ಯಾಸರ ಆದ್ರ ನಾ ಮಾಡ್ಕೋತಿದ್ನಿ, ಅದನ್ನೂ ನೀನ ಮಾಡಿ ಕೊಡ್ಬೇಕೇನು?” ಎಂದು ಗದರಿದರು. ಅಡುಗೆಮನೆಯಿಂದ ಅವರ ಹೆಂಡತಿ, “ಮೆಲ್ಲಕ ಮಾತಾಡ್ರಿ, ಪಾಪ, ಹುಡುಗಿ ಅಳ್ತದ” ಎಂದರು. ನಾನು ಅಳುತ್ತಿರಲಿಲ್ಲ. ಇಷ್ಟು ದಿನಗಳಲ್ಲಿ ಅವರ ಧ್ವನಿ ಮೊದಲ ಬಾರಿ ಗಟ್ಟಿಯಾಗಿದೆಯಲ್ಲ ಎಂದು ನೋಡುತ್ತಿದ್ದೆ.

ಸ್ಟಾಪ್ ಯಾಕೆ ಬೇಗ ಒತ್ತುತ್ತಾರೆಂಬುದು ಆಮೇಲೆ ಅವರ ಬಾಯಿಂದಲೇ ಬಂತು. ಬ್ಯೂರೆಟ್ ಹಿಡಿದವನು ಬಣ್ಣ ತಿರುಗುವವರೆಗೆ ಕಾಯಬಾರದು. ಒಂದು ಹನಿ ಮೊದಲೇ ನಲ್ಲಿ ಮುಚ್ಚಿ, ಕೊನೆಯದನ್ನು ಅರ್ಧ ಹನಿಯಾಗಿ ಬಿಡಬೇಕು. ಮೂವತ್ತು ವರ್ಷ ಅವರ ಬೆರಳು ಕಲಿತದ್ದು ಅದನ್ನೇ.

“ಅರ್ಧ ಹನಿ ಹೇಗೆ ಬಿಡ್ತೀರಿ ಸರ್?” ಎಂದೆ.

ಅವರು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಗಾಳಿಯಲ್ಲೇ ಬ್ಯೂರೆಟ್ ಹಿಡಿದರು. ನಲ್ಲಿಯನ್ನು ಕೂದಲೆಳೆಯಷ್ಟು ತಿರುಗಿಸಿ, ತುದಿಯಲ್ಲಿ ನೇತಾಡುವ ಹನಿಯನ್ನು ಗಾಜಿನ ಅಂಚಿಗೆ ತಾಗಿಸಿ, ನೀರಿನಿಂದ ತೊಳೆದು ಒಳಗಿಳಿಸುವುದನ್ನು ತೋರಿಸಿದರು.

“ನನಗೆ ಇದು ಇವತ್ತಿಗೂ ಬರುವುದಿಲ್ಲ ಸರ್. ಪ್ರತಿ ಸಲ ಒಂದು ಹನಿ ಹೆಚ್ಚೇ ಬೀಳ್ತದೆ.”

“ಗೊತ್ತೈತಿ. ನೋಡೀನಿ” ಎಂದು ನಕ್ಕರು. “ಕಲಿಸ್ತೀನಿ ಬಾ.”

ಶನಿವಾರದ ಕಾರ್ಗೋ ಮುಂದಕ್ಕೆ ಹೋಯಿತು, ಪೆಟ್ಟಿಗೆಗಳು ಮಾತ್ರ ಹಾಲಿನಲ್ಲೇ ಉಳಿದವು. ಮುಂದಿನ ವಾರ ಊಟದ ಬಿಡುವಿನಲ್ಲಿ ಅವರು ನನಗೆ ಅರ್ಧ ಹನಿ ಕಲಿಸಿದರು, ಮಧ್ಯಾಹ್ನ ನಾನು ಅವರಿಗೆ ಕಾಯುವುದನ್ನು ಕಲಿಸಿದೆ. ಹಿಂದೆ ನಿಲ್ಲದೆ ಪಕ್ಕದಲ್ಲಿ ಕೂರುತ್ತಿದ್ದೆ. ಬೆರಳು ಗುಂಡಿಯ ಕಡೆ ಹೋದಾಗ “ಬೇಗ ಆಯ್ತು” ಎನ್ನುತ್ತಿದ್ದೆ, ಅಷ್ಟೇ. ಆ ವಾರ ತಪ್ಪು ಎರಡು. ಹೊಗಳಿಕೆ ಸೊನ್ನೆ.

ಅಕ್ಟೋಬರ್ ಇಪ್ಪತ್ಮೂರು, ಗುರುವಾರ, ಅವರ ಪರೀಕ್ಷೆ. ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದರು. ನಾಲ್ಕು ಮಾದರಿಗಳು ಸರಿಯಾಗಿ ಬಂದವು. ಐದನೆಯದರಲ್ಲಿ ಅಂಕಿಗಳು ನಿಧಾನವಾಗುತ್ತಿದ್ದಂತೆ ಡಾಕ್ಟರ ಬೆರಳು ಮೇಲೆದ್ದಿತು. ನಾನು ಏನೂ ಹೇಳುವಂತಿರಲಿಲ್ಲ, ಅದು ಪರೀಕ್ಷೆ. ಅವರು ಆ ಬೆರಳನ್ನೊಮ್ಮೆ ನೋಡಿ, ಎರಡೂ ಕೈಗಳನ್ನು ಬಿಳಿ ಕೋಟಿನ ಜೇಬಿಗೆ ಇಳಿಸಿದರು. ಯಂತ್ರ ತಾನಾಗಿ ನಿಂತಿತು. ಅಂಕಿ ಮಿತಿಯೊಳಗೇ ಇತ್ತು.

ಸಹಿ ಹಾಕಿದೆ. ಷರಾ ಬರೆಯುವ ಜಾಗದಲ್ಲಿ ‘ಐದೂ ಸಲ ಯಂತ್ರ ನಿಲ್ಲುವವರೆಗೆ ಕಾದರು’ ಎಂದು ಬರೆದೆ.

ಡಾಕ್ಟರ್ ಓದಿ, “ಇದು ಹೊಗಳಿಕಿಯೋ, ದೂರೋ?” ಎಂದರು.

“ಗೊತ್ತಿಲ್ಲ ಸರ್.”

“ಇರ್ಲಿ ಬಿಡು. ಖರೇ ಐತಿ.”

ಮ್ಯಾನೇಜರ್ ನನ್ನನ್ನು ಕೋಣೆಗೆ ಕರೆದರು. “ಕಂಡೆಯಾ? ಹೊಗಳಿದ್ರೆ ಕಲಿಯದವರೇ ಇಲ್ಲ. ಒಟ್ಟು ಎಷ್ಟು ಸಲ ಹೊಗಳಿದ್ದು ನೀನು?”

“ಮೂವತ್ತೊಂದು ಸರ್. ಆದರೆ…”

“ಎಂತ ಆದರೆ? ಮೂವತ್ತೊಂದು! ನೋಡು ಮತ್ತೆ!”

ಅವರಿಗೆ ವಿವರಿಸಲು ನೋಡಿದೆ, ಆಗಲಿಲ್ಲ. ಲೆಕ್ಕದ ಪ್ರಕಾರ ಮೂವತ್ತೊಂದು ಗೆರೆಗಳೂ ಡಾಕ್ಟರ್ ತಪ್ಪುತ್ತಿದ್ದ ವಾರಗಳಲ್ಲಿವೆ. ನನಗೆ ಬರುವುದಿಲ್ಲ ಎಂದು ಅವರ ಮನೆಯಲ್ಲಿ ಹೇಳಿದ ಮಾತಿಗೆ ಗೆರೆಯೇ ಇಲ್ಲ. ಅದನ್ನು ಸೇರಿಸಿದರೆ ಮೂವತ್ತೆರಡಾಗುತ್ತದೆಯೋ, ಲೆಕ್ಕಕ್ಕೆ ಬರುವ ಹೊಗಳಿಕೆ ಅದೊಂದೇ ಆಗುತ್ತದೆಯೋ, ಇವತ್ತಿಗೂ ನಿರ್ಧರಿಸಿಲ್ಲ.

ಸಂಜೆ ಬಸ್ಸಿನಲ್ಲಿ ಡಾಕ್ಟರ್ ಡ್ರೈವರ್ ಹಿಂದಿನ ತಮ್ಮ ಸೀಟಿನಲ್ಲೇ ಕೂತು, ಹಿಂದಕ್ಕೆ ತಿರುಗಿ ಹೇಳಿದರು: “ನಮ್ಮಾಕಿಗೆ ಫೋನ್ ಮಾಡಿ ಹೇಳ್ದೆ. ನಂಬವಲ್ಲಳು. ಕೇಕ್ ಏನರ ಕೊಟ್ರೇನು ಅಂತ ಕೇಳಿದ್ಲು. ಇಲ್ಲ ಅಂದ್ನಿ. ಹಂಗಾರ ಪೆಟ್ಟಿಗ್ಯಾಗಿನ ಮಿಕ್ಸರ್ ಹೊರಗ ತಗೀತೀನಿ, ಉಳಿದದ್ದು ಇಕಾಮಾ ಆದ ಮ್ಯಾಲ ನೋಡೂಣು ಅಂದ್ಲು.”