ಲೇಡೀಸ್ ಗೇಟಿನ ಕಾಲುಂಗುರ

ಚಿಂತಾಮಣಿಯ ಅನಸೂಯಮ್ಮನದು ಮೊಸರಲ್ಲೂ ಕಲ್ಲು ಹುಡುಕೋ ಬುದ್ಧಿ. ವಯಸ್ಸು ಎಪ್ಪತ್ಮೂರಾಯ್ತು, ಇವತ್ತಿಗೂ ಹಾಲಿನವನು ಒಂದು ಹನಿ ಜಾಸ್ತಿ ಸುರಿದರೆ ‘ನೀರೆಷ್ಟು ಬೆರೆಸಿದ್ದಾನೋ’ ಅಂತಲೇ ನೋಡ್ತಾಳೆ. ನೋಡೋದಾದರೂ ಎಲ್ಲಿ? ಮುಖ ಅಲ್ಲ ಸ್ವಾಮಿ, ಕಾಲು! ಅದು ಥಿಯೇಟರ್ ಕಲಿಸಿದ ಚಾಳಿ.

ಗಂಡ ತೀರಿಕೊಂಡಾಗ ಅವಳಿಗೆ ಇಪ್ಪತ್ನಾಲ್ಕು. ಬಸ್ ಸ್ಟಾಂಡಿನ ಹಿಂದೆ ಟೊಮೆಟೊ ಕ್ರೇಟು ಪೇರಿಸಿರೋ ಗೋಡೌನ್ ಇದೆಯಲ್ಲ, ಆಗ ಅದು ಥಿಯೇಟರು. ಅಲ್ಲಿ ಲೇಡೀಸ್ ಗೇಟಿನಲ್ಲಿ ಟಿಕೆಟ್ ಹರಿಯೋ ಕೆಲಸ ಸಿಕ್ಕಿತು. ಎಪ್ಪತ್ತರ ದಶಕ ನೋಡಿ, ವಾರ ಬಿಟ್ಟು ವಾರ ‘ಎ’ ಸರ್ಟಿಫಿಕೇಟಿನ ಪಿಚ್ಚರು. ಗಂಡಸರು ಪೋಸ್ಟರ್ ಮುಂದೆ ಬಾಯಿ ಬಿಟ್ಕೊಂಡು ನಿಲ್ಲೋರು. ಹೆಂಗಸರೇನು ಕಮ್ಮಿಯಾ? ಸೆರಗನ್ನ ಮುಖದ ತುಂಬ ಎಳ್ಕೊಂಡು, ಒಳಗೆ ದೀಪ ಆರಿದ ಮೇಲೆ ಬರೋರು. ಹದಿನೆಂಟಾಗದ ಹುಡುಗೀರನ್ನ ಬಿಡಬೇಡ ಅಂತ ಮ್ಯಾನೇಜರ್ ಆರ್ಡರು. ವಯಸ್ಸು ಕೇಳಿದರೆ ಯಾರು ನಿಜ ಹೇಳ್ತಾರೆ? ಅನಸೂಯಮ್ಮ ಕಾಲು ನೋಡೋಳು. ಕಾಲುಂಗುರ ಇದ್ದರೆ ಒಳಗೆ, ಇಲ್ಲದಿದ್ದರೆ ‘ನಡಿಯಮ್ಮ ಮನೆಗೆ’.

ಒಂದು ಮ್ಯಾಟಿನಿಗೆ ಪಕ್ಕದ ಮನೆ ವೆಂಕಟರತ್ನಮ್ಮನ ಹಸಿರು ಸೀರೆ ಗೇಟಿಗೆ ಬಂತು. ಕಾಲಲ್ಲಿ ನೋಡಿದರೆ ಮೀನಿನ ಗುರುತಿನ ಉಂಗುರ! ಅನಸೂಯಮ್ಮನದೇ, ಗಂಡ ಹೋದಾಗ ಬಿಚ್ಚಿ ಡಬ್ಬಿಯಲ್ಲಿಟ್ಟಿದ್ದ ಜೋಡಿ. ಅವಳು ತಲೆ ಎತ್ತೋದರೊಳಗೆ ಸೀರೆ ಕತ್ತಲಿಗೆ ನುಗ್ಗಿತ್ತು. ಆಟ ಬಿಟ್ಟಾಗ ನೂಕುನುಗ್ಗಲಲ್ಲಿ ಆ ಸೀರೆ ಕಾಣಲಿಲ್ಲ. ಮನೆಗೆ ಓಡಿಬಂದು ಡಬ್ಬಿ ತೆಗೆಯೋ ಹೊತ್ತಿಗೆ ಅದರಲ್ಲಿ ಒಂದೇ ಉಂಗುರ ಬಂದು ಕೂತಿತ್ತು.

ಮಾರನೇ ದಿನ ಬೀದಿ ನಲ್ಲಿ ಹತ್ತಿರ, ಹತ್ತು ಜನರೆದುರಿಗೆ, ‘ನನ್ನ ಕಾಲುಂಗುರ ಕದ್ದು ಎ ಪಿಚ್ಚರ್ ನೋಡೋಕೆ ಬಂದಿದ್ಯಲ್ಲೇ, ನಾಚಿಕೆಗೆಟ್ಟೋಳೆ!’ ಅಂದುಬಿಟ್ಟಳು. ವೆಂಕಟರತ್ನಮ್ಮ ‘ನಾನು ಬರಲೇ ಇಲ್ಲ ಕಣೇ’ ಅಂತ ಅತ್ತಳು. ಯಾರು ಕೇಳ್ತಾರೆ? ಅತ್ತೆ ಕಿವಿಗೆ ಬಿತ್ತು, ಸೊಸೆಯನ್ನ ಒಂದು ವರ್ಷ ತವರಿಗೆ ಅಟ್ಟಿದರು. ಒಂದೇ ಒರಳಲ್ಲಿ ಹಿಟ್ಟು ರುಬ್ಬುತ್ತಿದ್ದ ಗೆಳತಿ, ತಿರುಗಿ ಬಂದಮೇಲೆ ಈ ಮನೆ ಕಡೆ ಕತ್ತೆತ್ತಿ ನೋಡಲಿಲ್ಲ.

ಹೋದ ವಾರ ಗೌರಿಬಿದನೂರಿಂದ ತಂಗಿ ಶ್ಯಾಮಲಮ್ಮ ಬಂದಿದ್ದಳು, ಮದುವೆಗೆ ಮುಂಚೆ ಅಕ್ಕನ ಮನೆಯಲ್ಲೇ ಇದ್ದವಳು. ಟಿ.ವಿ.ಯಲ್ಲಿ ಅದೇ ಪಿಚ್ಚರ್, ಮಟಮಟ ಮಧ್ಯಾಹ್ನ, ಮೊಮ್ಮಕ್ಕಳೆಲ್ಲ ಚಕ್ಕುಲಿ ಕಡೀತಾ ನೋಡ್ತಿದ್ದಾರೆ.

‘ಥೂ, ಇಷ್ಟೇನಾ! ಇದಕ್ಕಾ ನಾನು ಹದಿನಾರರಲ್ಲಿ...’ ಅಂದವಳು ನಾಲಿಗೆ ಕಚ್ಚಿಕೊಂಡಳು.

‘ಏನು?’

‘ಏನಿಲ್ಲ ಅಕ್ಕ.’

‘ಮತ್ತೆ ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡಂಗೆ, ಕಾಲು ಯಾಕೆ ಸೀರೆಯೊಳಗೆ ಎಳ್ಕೊಂಡೆ?’

ಶ್ಯಾಮಲಮ್ಮ ತಲೆ ತಗ್ಗಿಸಿದಳು. ‘ಸೀರೆ ಅವರ ತಂತಿ ಮೇಲೆ ಒಣಗ್ತಿತ್ತು. ಉಂಗುರ ನಿನ್ನ ಡಬ್ಬಿದು. ಒಂದು ಥಿಯೇಟರಲ್ಲೇ ಬಿದ್ದೋಯ್ತು. ಹೇಳಕ್ಕೆ ಭಯ ಆಯ್ತಕ್ಕ.’

ಅನಸೂಯಮ್ಮ ಎದ್ದು ಹೋಗಿ ಡಬ್ಬಿ ತೆಗೆದಳು. ಅವತ್ತು ಮುತ್ತೈದೆಯಾಗಿದ್ದ ವೆಂಕಟರತ್ನಮ್ಮನ ಕಾಲಲ್ಲಿ ಅವಳದೇ ಉಂಗುರ ಇತ್ತಲ್ಲ, ಇನ್ನೊಬ್ಬರದು ಅವಳಿಗೆ ಯಾಕೆ ಬೇಕಿತ್ತು? ನಲವತ್ತೆಂಟು ವರ್ಷದಲ್ಲಿ ಇಷ್ಟು ಸಣ್ಣ ಮಾತು ಹೊಳೀಲಿಲ್ಲ. ಊರನ್ನೆಲ್ಲ ಅನುಮಾನಿಸಿದವಳು ತನ್ನ ಕಣ್ಣನ್ನ ಮಾತ್ರ ನಂಬಿದ್ದಳು. ಅನುಮಾನಂ ಪೆದ್ದ ರೋಗಂ, ದೊಡ್ಡ ರೋಗ ಅಂತ ತೆಲುಗಿನೋರು ಸುಮ್ಮನೆ ಅಂತಾರಾ?

ಒಂಟಿ ಉಂಗುರ ಮುಷ್ಟಿಯಲ್ಲಿ ಹಿಡಿದು ಪಕ್ಕದ ಮನೆ ಬಾಗಿಲು ಬಡಿದಳು. ತೆರೆದಾಗ ಅಭ್ಯಾಸಬಲ, ಕಣ್ಣು ಕಾಲಿಗೇ ಹೋಯಿತು. ಬಾತುಕೊಂಡ ಪಾದ, ಬೋಳು ಬೆರಳು. ವೆಂಕಟರತ್ನಮ್ಮನ ಗಂಡ ಹೋಗಿಯೂ ಹತ್ತು ವರ್ಷ. ಕಷ್ಟಪಟ್ಟು ತಲೆ ಎತ್ತಿ ಮುಖ ನೋಡಿದಳು.

‘ತಪ್ಪಾಯ್ತು ಕಣೇ. ಅವತ್ತು ಬಂದೋಳು ನಮ್ಮ ಶ್ಯಾಮಲ.’

ವೆಂಕಟರತ್ನಮ್ಮ ಬಾಗಿಲಿಗೆ ಅಡ್ಡ ನಿಂತು, ಗೇಟಿನವಳ ಹಾಗೆ ಕೈ ಚಾಚಿದಳು. ‘ಟಿಕೆಟ್ ಇದೆಯಾ?’

ಅನಸೂಯಮ್ಮ ಮುಷ್ಟಿ ಬಿಚ್ಚಿದಳು.

‘ಒಂದೇ ಇದೆ. ಅರ್ಧ ಟಿಕೆಟ್ಟು,’ ಅಂದಳು ವೆಂಕಟರತ್ನಮ್ಮ. ‘ಹೊಸ್ತಿಲ ತನಕ ಬಾ.’