ಭೂತನಾಳ ಕೆರೆಯ ಐದು ಕಲ್ಲು

ಹಸಿ ಸುಣ್ಣದ ವಾಸನೆ ಇವತ್ತಿಗೂ ನನ್ನನ್ನು ಭೂತನಾಳ ಕೆರೆಯ ದಂಡೆಗೆ ಒಯ್ಯುತ್ತದೆ. ಮೊನ್ನೆ ಎಳ್ಳ ಅಮವಾಸ್ಯೆಗೆ ಬಬಲೇಶ್ವರದ ನಮ್ಮ ಹೊಲದಲ್ಲಿ ಮಗ ಪಾಂಡವರ ಪೂಜೆಗೆಂದು ಐದು ಕಲ್ಲಿಗೆ ಸುಣ್ಣ ಬಳಿಯುತ್ತಿದ್ದ. ನನಗೆ ಗಣಿತ ಕಲಿಸಿದ ಸರ್ ನೆನಪಾದರು...

ಅರವತ್ತರ ದಶಕ. ವಿಜಾಪುರದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ; ಗಣಿತದ ವರ್ಗಕ್ಕೆ ನಾನೊಬ್ಬಳೇ ಹುಡುಗಿ. ಪುಣೆಯಲ್ಲಿ ಬೇಸಿಗೆಯ ಸಂಶೋಧನಾ ಶಿಬಿರವಿದೆ, ಪದವಿ ಓದುವವರನ್ನೂ ಕರೆಯುತ್ತಾರೆ, ಆದರೆ ಸ್ವಂತ ಕೆಲಸವೊಂದನ್ನು ಮಾಡಿ ಕಳಿಸಬೇಕು ಎಂದು ಸರ್ ಹೇಳಿದರು. ಅಷ್ಟರಲ್ಲಿ ಬಬಲೇಶ್ವರದ ಸಂಬಂಧ ಬಂದಿತ್ತು. ಪುಣೆಯವರು ಆರಿಸಿದರೆ ಮಾತ್ರ ಮದುವೆ ಮುಂದೂಡುವುದು, ಇಲ್ಲದಿದ್ದರೆ ಬರುವ ಬೇಸಿಗೆಯಲ್ಲೇ ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಸರ್ ಆರಿಸಿದ್ದು ಭೂತನಾಳದ ಕೆರೆಯನ್ನು. ತುಂಬಿದಾಗ ನೀರು ಎಷ್ಟು ಬೇಗ ಇಳಿಯುತ್ತದೆ, ಬರಿದಾಗುತ್ತ ಬಂದಂತೆ ಹೇಗೆ. ಇವತ್ತಿನ ಮಟ್ಟದಿಂದ ಮುಂದಿನದನ್ನು ಹೇಳುವ ಸಮೀಕರಣ ನಮಗೆ ಬೇಕಿತ್ತು. ದಂಡೆಯ ಇಳಿಜಾರಿನಲ್ಲಿ ನೀರಿನ ಅಂಚಿನಿಂದ ಒಳಗಿನವರೆಗೆ ಐದು ಕಲ್ಲು ನೆಟ್ಟು, ಬುಡಕ್ಕೆ ಕೆಂಪು ಗೆರೆ ಎಳೆದೆವು. ನೀರು ಯಾವ ಗೆರೆ ಬಿಟ್ಟಿದೆ ಎಂದು ರವಿವಾರಕ್ಕೊಮ್ಮೆ ನೋಡುವುದು. ಗೆರೆಯಿಂದ ಗೆರೆಗೆ ಎಷ್ಟು ಎತ್ತರ ಎಂಬುದನ್ನು ಕೊನೆಗೆ ಅಳೆದರಾಯಿತೆಂದು ಬಿಟ್ಟಿದ್ದೆವು. ಸರ್ ಕೆಮ್ಮುತ್ತಲೇ ಸೈಕಲ್ ತುಳಿದು ಬರುತ್ತಿದ್ದರು. ನನ್ನ ಕಾವಲಿಗೆ ಟಾಂಗಾದಲ್ಲಿ ಬಂದ ಅವ್ವ ದಂಡೆಯ ಮೇಲೆ ತೂಕಡಿಸುತ್ತಿದ್ದಳು.

ಆ ವರ್ಷ ಎಳ್ಳ ಅಮವಾಸ್ಯೆ ರವಿವಾರವೇ ಬಂತು. ಹೋಗಿ ನೋಡಿದರೆ ದಂಡೆಯಲ್ಲಿ ಒಂದು ಕಲ್ಲೂ ಇಲ್ಲ. ಕಿತ್ತ ಗುಳಿಗಳನ್ನು ಕೆಸರು ಮುಚ್ಚಿತ್ತು. ಪಕ್ಕದ ಜೋಳದ ಹೊಲದಲ್ಲಿ ಐದೂ ಸಾಲಾಗಿ, ಮೈತುಂಬ ಸುಣ್ಣ ಬಳಿಸಿಕೊಂಡು, ಕುಂಕುಮ ಹಚ್ಚಿಸಿಕೊಂಡು ಕುಳಿತಿದ್ದವು.

ಹೊಲದ ಹೆಣ್ಣುಮಗಳು ನಗುತ್ತ ಕರೆದಳು. "ಬರ್ರೀ ಸರ್, ಉಂಡ ಹೋಗ್ರಿ. ಈ ವರ್ಷ ಪಾಂಡವರು ತಾವಾಗೇ ಸಿಕ್ಕಾರ್ರಿ, ಐದಕ್ಕ ಐದೂ!"

"ಸರ್, ನಮ್ಮ ಕಲ್ಲಂತ ಹೇಳ್ರಿ," ಎಂದೆ. ಅಳು ಬಂದಿತ್ತು.

"ಬ್ಯಾಡವ್ವಾ. ಪೂಜಿ ಆಗೇದ. ಈಗ ಕೀಳಾಕ ಬರೂದಿಲ್ಲ," ಎಂದರು ಸರ್.

ಸರ್ ಕುಳಿತು ಸಜ್ಜೆ ರೊಟ್ಟಿ ತಿಂದರು. ಅವಳ ಪಲ್ಯವನ್ನೂ ಹೊಗಳಿದರು. ನನಗೆ ಒಂದು ತುತ್ತೂ ಇಳಿಯಲಿಲ್ಲ. ಇಳಿದುಹೋದ ನೀರನ್ನು ಮತ್ತೆ ಅಳೆಯುವುದು ಹೇಗೆ? ಹೊರಡುವಾಗ ಸರ್, "ಮುಂದಿನ ವರ್ಷ ಮಾಡೂಣು," ಎಂದರು. ಅದು ಇಬ್ಬರಿಗೂ ಸುಳ್ಳೆಂದು ಗೊತ್ತಿತ್ತು.

ಬೇಸಿಗೆಯಲ್ಲಿ ನನ್ನ ಮದುವೆಯಾಯಿತು. ಮಳೆಗಾಲದಲ್ಲಿ ಸರ್ ಕ್ಷಯದಿಂದ ತೀರಿಕೊಂಡರೆಂದು ಯಾರೋ ಸಂತೆಯಿಂದ ಸುದ್ದಿ ತಂದರು. ಹೊಸ ಸೊಸೆ ಸಾವಿನ ಮನೆಗೆ ಹೋಗುವುದು ಬೇಡವೆಂದರು ಅತ್ತೆ... ಹೋಗಲಿಲ್ಲ.

ಮೊನ್ನೆ ಮಗ, "ಅವ್ವಾ, ಕೈ ಮುಗಿ," ಎಂದ. ಮುಗಿದೆ. ಎಲ್ಲರೂ ಊಟಕ್ಕೆ ಎದ್ದ ಮೇಲೆ ಬಗ್ಗಿ, ಒಂದೊಂದು ಕಲ್ಲಿನ ಬುಡವನ್ನೂ ಬೆರಳಿನಿಂದ ಕೆರೆದು ನೋಡಿದೆ. ಸುಣ್ಣದ ಕೆಳಗೆ ಬರೀ ಕಲ್ಲಿತ್ತು.