ಭಾಂಡೆ ಅಂಗಡಿ ಸೂಗಪ್ಪ ಹಡಗು ಹತ್ತಿದ್ದು

ಲಿಂಗಸುಗೂರಿನ ಬಸ್ ನಿಲ್ದಾಣದ ಎದುರು ಪಾತ್ರೆ ಪಡಗ ಮಾರುವ ಭಾಂಡೆ ಅಂಗಡಿ ಇಟ್ಟಿರುವ ಸೂಗಪ್ಪ ನನ್ನ ಅಕ್ಕ ಶಿವಬಸಮ್ಮನ ಗಂಡ, ನನಗೆ ಮಾವ. ಈಗ ಅರವತ್ತೆರಡು ವರ್ಷ. ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಅವನ ಗಂಟಲಲ್ಲಿ ತೊಟ್ಟು ನೀರು ಇಳಿಯುವುದಿಲ್ಲ. ತೂತು ಬಿದ್ದ ಕೊಡ ಮಾರಿದವನಲ್ಲ, ಕೊಟ್ಟ ಮಾತು ತಪ್ಪಿದವನಲ್ಲ. ಒಳ್ಳೆಯ ಮನುಷ್ಯ ಎಂದು ಊರೆಲ್ಲ ಹೇಳುತ್ತದೆ. ನಾನೂ ಹೇಳುತ್ತೇನೆ, ಒಂದು ಸಂಗತಿ ಬಿಟ್ಟು.

ಆ ಸಂಗತಿ ಅವನ ಒಬ್ಬಳೇ ತಂಗಿ ಅಮರೇಶ್ವರಿಯದು. ಅವಳನ್ನು ಸಿಂಧನೂರು ತಾಲ್ಲೂಕಿನ ದಢೇಸುಗೂರಿಗೆ ಕೊಟ್ಟಿತ್ತು. ಹತ್ತು ವರ್ಷದ ಹಿಂದೆ ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ ಕಾಲು ಜಾರಿ ನೀರಿಗೆ ಬಿದ್ದಳು. ಗದ್ದೆಯ ಆಳುಗಳು ಎಳೆದು ಹಾಕಿ ಉಳಿಸಿದರು. ಆದರೆ ಶಿವದಾರ ಹರಿದು ಕೊರಳಲ್ಲಿದ್ದ ಲಿಂಗ ನೀರುಪಾಲಾಗಿತ್ತು. ಅಮರಕ್ಕ ಉಪವಾಸ ಕುಳಿತಳು. ಕೊನೆಗೆ ಆ ಊರಿನ ಮಠದ ಅಯ್ಯನವರು ಬಂದು ಹೊಸ ಲಿಂಗ ಕಟ್ಟಿದರು. ಮಾವ ಹೋದದ್ದು ಎಂಟನೆಯ ದಿನ. ಬಾಗಿಲಲ್ಲೇ ನಿಂತು, "ಜೀವ ಹಿಡಕೊಂಡಿ, ಲಿಂಗ ಬಿಟ್ಟಿ. ಈ ಬದಲಿ ಲಿಂಗ ಕಟಗೊಂಡಾಕಿ ಕೈಲೆ ನಾ ನೀರು ಕುಡಿಯಂಗಿಲ್ಲ" ಎಂದು ತಿರುಗಿ ಬಂದ.

ಆಡಿದ್ದನ್ನು ನಡೆಸಿದ ಕೂಡ. ಪಂಚಮಿ ಬಂದರೆ ಅಣ್ಣನಾದವನು ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಒಂಬತ್ತು ಪಂಚಮಿ ಹೋದವು, ಮಾವ ಹೋಗಲಿಲ್ಲ. ಅವಳ ಗಂಡ ತೀರಿಕೊಂಡಾಗ ಮಣ್ಣಿಗೆ ಬಂದವನು ಆ ಮನೆಯ ನೀರು ಮುಟ್ಟದೆ ಮರಳಿದ. ಅಕ್ಕ ಮಾತ್ರ ಸಿಂಧನೂರಿಗೆ ಕಣ್ಣು ತೋರಿಸಲು ಹೋಗುವ ನೆವ ಮಾಡಿ ನಾದಿನಿಯನ್ನು ನೋಡಿ ಬರುತ್ತಿದ್ದಳು. ಅಕ್ಕನ ಕಣ್ಣು ವರ್ಷಕ್ಕೆ ಮೂರು ಸಲ ಕೆಡುತ್ತಿತ್ತು.

ಹೋದ ವರ್ಷ ಕುಕ್ಕರ್ ಕಂಪನಿಯೊಂದು ಹೆಚ್ಚು ಮಾಲು ಮಾರಿದ ಅಂಗಡಿಯವರಿಗೆಲ್ಲ ಹಡಗಿನ ಪ್ರವಾಸ ಇಟ್ಟಿತು. ಗೋವಾದಿಂದ ಹೊರಟು ಕರಾವಳಿಯ ಹಳೆಯ ಊರು, ಕೋಟೆ, ದ್ವೀಪಗಳನ್ನು ತೋರಿಸುತ್ತ ಐದನೆಯ ದಿನ ಮಂಗಳೂರು ಮುಟ್ಟಿಸುವ ಸಣ್ಣ ಹಡಗು. ಜನ ನಲವತ್ತೇ. ಮಾವನಿಗೆ ಇಬ್ಬರ ಟಿಕೆಟ್ ಬಂತು. ಅಕ್ಕ, "ನೀರು ಕಂಡರ ನನಗ ತಲಿ ತಿರಗತೈತಿ. ನನ್ನ ತಮ್ಮನ್ನ ಕರಕೊಂಡು ಹೋಗ್ರಿ" ಅಂದಳು. ಹಾಗೆ ಮಸ್ಕಿಯ ಹೈಸ್ಕೂಲ್ ಮಾಸ್ತರನಾದ ನಾನು, ಸಂಗನಬಸವ, ಮಾವನ ಚೀಲ ಹೊತ್ತು ಹಡಗು ಹತ್ತಿದೆ.

ಮಾವ ಯಾವುದಕ್ಕೂ ಬೆರಗಾಗಲಿಲ್ಲ. ಕಾರವಾರದ ಗುಡ್ಡದ ಮೇಲಿನ ಕೋಟೆ ನೋಡಿ, "ಮುದಗಲ್ ಕ್ವಾಟಿ ಮುಂದ ಇದೇನು ದೊಡ್ಡದಲೇ" ಅಂದ. ಮಿರ್ಜಾನ್ ಕೋಟೆಯ ಬಾವಿಗೆ ಇಣುಕಿ ನೀರು ಎಷ್ಟು ಆಳದಲ್ಲಿದೆ ಎಂದು ಕೇಳಿದ. ಅವನ ಚಿಂತೆ ಬೇರೆಯೇ ಇತ್ತು. ಕೋಣೆಯೆಂದರೆ ಎರಡು ಮಂಚ, ಅದಕ್ಕೆ ಅಂಟಿದ ಕಕ್ಕಸು. ಎರಡು ದಿನ ಹೇಗೋ ಅಲ್ಲೇ ಮಂಚದ ಮೇಲೆ ಕುಳಿತು ಪೂಜೆ ಮಾಡಿದ. "ಕಕ್ಕಸದ ಬಾಜು ಕುಂತು ಲಿಂಗಪೂಜಿ ಮಾಡೋ ಕರ್ಮ ಬಂತಲ್ಲೋ" ಎಂದು ನನ್ನನ್ನೇ ಬೈದ, ಹಡಗು ಕಟ್ಟಿಸಿದವನು ನಾನೇ ಎಂಬ ಹಾಗೆ.

ಮೂರನೆಯ ಬೆಳಿಗ್ಗೆ ಹಡಗು ಹೊನ್ನಾವರದ ಎದುರು ಲಂಗರು ಹಾಕಿತ್ತು. ದೂರದಲ್ಲಿ ಕಾಣುವ ದ್ವೀಪ ಬಸವರಾಜ ದುರ್ಗ, ಕೆಳದಿ ಅರಸರ ಕಾಲದ ಕೋಟೆ ಎಂದು ಊರು ತೋರಿಸುವ ಹುಡುಗಿ ಹಿಂದಿನ ಸಂಜೆಯೇ ಹೇಳಿದ್ದಳು. ಬಸವನ ಹೆಸರು ಕೇಳಿದ್ದೇ ಮಾವನ ಮುಖ ಅರಳಿತ್ತು. ಅಂದು ಪೂಜೆ ಹೊರಗೇ, ದುರ್ಗಕ್ಕೆ ಮುಖ ಮಾಡಿ ಎಂದು ಹಟ ಹಿಡಿದ. ಹಡಗಿನ ಹಿಂಬದಿಯ ಅಂಚಿನಲ್ಲಿ ಕಂಬಿಯ ಬದಿಗೆ ಕುಳಿತ. ನಾನು ನೀರಿನ ತಂಬಿಗೆ ಹಿಡಿದು ಪಕ್ಕದಲ್ಲಿ ಕುಳಿತೆ. ಎಡ ಅಂಗೈಯಲ್ಲಿ ಲಿಂಗ ಇಟ್ಟು, ನೀರೆರೆದು, ವಿಭೂತಿ ಧರಿಸಿ ದೃಷ್ಟಿ ನೆಟ್ಟಿದ್ದ. ಅಷ್ಟರಲ್ಲಿ ಮೀನಿನ ದೊಡ್ಡ ಬೋಟೊಂದು ಹತ್ತಿರದಲ್ಲೇ ಭರ್ರನೆ ಹಾದುಹೋಯಿತು. ಅದರ ತೆರೆಗೆ ನಮ್ಮ ಹಡಗು ವಾಲಿತು. ಮಾವ ಮುಗ್ಗರಿಸಿ ಎರಡೂ ಕೈಯಿಂದ ಕಂಬಿ ಹಿಡಿದುಕೊಂಡ.

ಎರಡೂ ಕೈಯಿಂದ. ಲಿಂಗ ನೀರಿಗೆ ಬಿದ್ದ ಸದ್ದು ಕೂಡ ಕೇಳಿಸಲಿಲ್ಲ.

ಮಾವ ತನ್ನ ಖಾಲಿ ಅಂಗೈ ನೋಡಿದ. ವಿಭೂತಿ ಇನ್ನೂ ಹಸಿಯಾಗಿ ಅಂಟಿತ್ತು. ನಾನು ಸುಳ್ಳು ಹೇಳುವುದಿಲ್ಲ. ಆ ಗಳಿಗೆಯಲ್ಲಿ ನನಗೆ ಮೊದಲು ಆದದ್ದು ದುಃಖವಲ್ಲ. ಈಗ ಗೊತ್ತಾಯಿತೇನಪ್ಪ ಎಂದು ಒಳಗೆ ಒಂದು ಕೆಟ್ಟ ಸಂತೋಷ ಎದ್ದಿತು. ಆಮೇಲೆ ಅವನ ಮುಖ ನೋಡಿದೆ. ಅಷ್ಟು ದೊಡ್ಡ ಮನುಷ್ಯ ತುಟಿ ಕಚ್ಚಿಕೊಂಡು ನೀರನ್ನೇ ನೋಡುತ್ತಿದ್ದ. ನನ್ನ ಬಗ್ಗೆ ನನಗೇ ಹೇಸಿಕೆ ಆಯಿತು.

"ಜೀವ ಹಿಡಕೊಂಡ್ನೆಲೇ ಸಂಗ್ಯಾ" ಅಂದ.

ಮಾವ ಮುಂದೆ ಬರಲೊಲ್ಲೆ ಎಂದಿದ್ದಕ್ಕೆ ನಮ್ಮನ್ನು ಸಣ್ಣ ದೋಣಿಯಲ್ಲಿ ಹೊನ್ನಾವರಕ್ಕೆ ಇಳಿಸಿದರು. ಹುಬ್ಬಳ್ಳಿಯ ಬಸ್ಸು ಹಿಡಿದೆವು. ಘಟ್ಟ ಹತ್ತುವಾಗ ಮಾವನ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಸಕ್ಕರೆ ಕಾಯಿಲೆಯ ಮನುಷ್ಯ. ನೀರಿನ ಬಾಟಲಿ ಮುಂದೆ ಹಿಡಿದರೆ ಮುಖ ತಿರುಗಿಸಿದ. ನನಗೆ ನಿಜವಾಗಿ ಹೆದರಿಕೆಯಾಯಿತು. "ಹುಬ್ಬಳ್ಳ್ಯಾಗ ಮಠಗಳಿಗೇನು ಬರ ಐತೇನ್ರಿ ಮಾವ? ಇಳಿದ ಕೂಡ್ಲೆ ಲಿಂಗ ಕಟ್ಟಿಸಿಬಿಡೋಣು" ಅಂದೆ. ಬೇಡ ಎಂದು ತಲೆಯಾಡಿಸಿದ. ಘಟ್ಟ ದಾಟಿದ ಮೇಲೆ ಕೇಳಿದ:

"ಅಮರಿ ಎಷ್ಟು ದಿನ ಉಪಾಸ ಇದ್ಲೋ?"

ಒಂಬತ್ತು ವರ್ಷದಲ್ಲಿ ಅವನ ಬಾಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು. "ಮೂರು ದಿನ" ಅಂದೆ. ಅವನು ಟವೆಲ್ಲನ್ನು ಮುಖದ ಮೇಲೆ ಹಾಕಿಕೊಂಡ.

ಹುಬ್ಬಳ್ಳಿಯ ನಿಲ್ದಾಣದಲ್ಲಿ ಲಿಂಗಸುಗೂರಿನ ಬಸ್ಸು ನಿಂತಿತ್ತು. ಮಾವ ಅದನ್ನು ದಾಟಿ ಹೋಗಿ ಮುಂದಿನದನ್ನು ಹತ್ತಿದ. "ಮಾವ, ಇದು ಸಿಂಧನೂರು ಬಸ್ಸು" ಅಂದೆ.

"ಗೊತ್ತೈತಿ. ಹತ್ತು."

ಮರುದಿನ ಬೆಳಿಗ್ಗೆ ಸಿಂಧನೂರಿನಿಂದ ಆಟೋ ಹಿಡಿದು ದಢೇಸುಗೂರಿಗೆ ಹೋದೆವು. ನಾಟಿಯ ದಿನಗಳು. ಅಮರಕ್ಕ ಆಳುಗಳಿಗೆ ಬುತ್ತಿ ಕಟ್ಟಲು ಅಂಗಳದ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ನಮ್ಮನ್ನು ನೋಡಿ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂತು.

"ಏನಾತಣ್ಣ? ವೈನಿ ಆರಾಮ ಅದಾಳಿಲ್ಲೋ?" ಎಂದು ಅತ್ತಿಗೆಯ ಕ್ಷೇಮ ಕೇಳಿದಳು.

"ಅಕಿ ಆರಾಮ ಅದಾಳ" ಅಂದ ಮಾವ. ಒಂಬತ್ತು ವರ್ಷದ ಹಿಂದೆ ನಿಂತು ಬೈದ ಬಾಗಿಲಲ್ಲಿ ಈಗ ಕುಸಿದು ಕುಳಿತ. "ನನ್ನ ಲಿಂಗ ಸಮುದ್ರದಾಗ ಹೋತಮ್ಮ. ನಾ ಕೈ ಬಿಟ್ಟೆ. ನಿನಗ ಕಟ್ಟಿದ ಅಯ್ಯನೋರನ್ನ ಕರಸು. ನಿನ್ನ ಮನಿಯಾಗ, ಅವರ ಕೈಲೇ ಕಟಗೋತೀನಿ."

ನಾನು ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಕೈಯ ಹಿಟ್ಟು ಕೊಡವಿ ಎದ್ದು, ಆಚೆ ಮನೆಯವರನ್ನು ಕೂಗಿ ಅಯ್ಯನವರಿಗೆ ಹೇಳಿ ಕಳಿಸಿದಳು. ಮರಳಿ ಬಂದು ಅಣ್ಣನ ಎದುರು ನೆಲದ ಮೇಲೆ ಕುಳಿತಳು.

"ಆ ಮೂರು ದಿನ ಇದ ಬಾಗಲ ನೋಡಕೋತ ಕುಂತಿದ್ನೆಣ್ಣ" ಅಂದಳು. "ಊರಿಗೆ ಊರ ಬಂದು ಉಣ್ಣು ಅಂತು. ಎಲ್ಲಾರಿಗೂ ಒಲ್ಲೆ ಅಂದೆ. ನಮ್ಮಣ್ಣ ಬರ್ತಾನ, ಬಂದು ಒಂದು ತುತ್ತು ಬಾಯಾಗ ಇಡ್ತಾನ, ಆಗ ಉಣ್ತೀನಿ ಅಂದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಮಾವ ತಲೆ ಎತ್ತಲಿಲ್ಲ.

ಅಯ್ಯನವರು ಬಂದರು. ವಯಸ್ಸಾಗಿತ್ತು, ಕೈ ನಿಧಾನ. ಮಾವನಿಗೆ ಸ್ನಾನ ಮಾಡಿಸಿ, ಕೂಡಿಸಿ, ವಿಧಿ ಪ್ರಕಾರ ಲಿಂಗ ಕಟ್ಟಿದರು. ಯಾಕೆ, ಹೇಗೆ ಎಂದು ಒಂದು ಮಾತು ಕೇಳಲಿಲ್ಲ. ಮಾವ ಪೂಜೆ ಮುಗಿಸಿ, ಪಾದೋದಕ ತೆಗೆದುಕೊಂಡು ಪಡಸಾಲೆಗೆ ಬಂದ. ಅಮರಕ್ಕ ತಾಟಿನಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ, ಒಂದಿಷ್ಟು ಶೇಂಗಾ ಹಿಂಡಿ ಹಾಕಿ ಮುಂದಿಟ್ಟಳು.

ಮಾವ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಆ ಮೊದಲ ತುತ್ತನ್ನು ತಂಗಿಯ ಬಾಯಿಯ ಹತ್ತಿರ ಹಿಡಿದ. ಅವಳು ಕೂಡಲೇ ಬಾಯಿ ತೆರೆಯಲಿಲ್ಲ. ಅವನನ್ನೇ ನೋಡುತ್ತ ಕುಳಿತಳು. ಮಾವ ಕೈ ಇಳಿಸಲಿಲ್ಲ. ಅವಳು ತೆರೆಯುವವರೆಗೂ ಹಿಡಿದೇ ಇದ್ದ.